ಪರನಾಡಿನಲ್ಲಿ ಬಾಡಿಗೆಯ ಮೋಟಾರು ಸೈಕಲ್ಲು

ಹುಬ್ಬಳ್ಳಿಯಲ್ಲಿ ಕೇಶ್ವಾಪುರವನ್ನು ದಾಟಿ ಮುಂದೆ ನಡೆದರೆ ಸಿಗುವ ಬೆಂಗೇರಿಯು ಹಿಂದೆ ಒಂದು ಚಿಕ್ಕ ಹಳ್ಳಿಯಾಗಿತ್ತು. ಈಗ ಅದು ಪಟ್ಟಣದೊಳಗೇ ಸೇರಿಹೋಗಿದೆ. ಸುತ್ತಲಿನ ಜನರಿಗೆ ಅದು ವಾರದ ಸಂತೆಯಿಂದ ಪರಿಚಿತ. ದೂರದವರಿಗೆ ಅಲ್ಲಿಯ ಖಾದಿಯಿಂದ. ೧೯೫೭ನೆಯ ಇಸವಿ ನವೆಂಬರ ೧ರಂದು ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಇಲ್ಲಿಯೇ ಇರುತ್ತದೆ. ಭಾರತೀಯ ಮಾನಕ ಬ್ಯೂರೋದ ಒಪ್ಪಿಗೆ ಪಡೆದು ಈ ಸಂಘವು ತಯಾರಿಸುವ ಖಾದಿಯ ರಾಷ್ಟ್ರಧ್ವಜಗಳು ಪರದೇಶಗಳಲ್ಲಿಯ ನಮ್ಮ ರಾಯಭಾರ ಕಚೇರಿಗಳ ಮೇಲೆಯೂ ಹಾರುತ್ತವೆ. ಧ್ವಜಕ್ಕೆ ಒಂಬತ್ತು ಅಳತೆಗಳು ಗೊತ್ತಾಗಿವೆ. ಅವುಗಳಲ್ಲಿ ಗಣ್ಯರ ಮೋಟಾರಿಗೆ ಕಟ್ಟುವ ಧ್ವಜವು ೨೨೫ ಮಿಲಿಮೀಟರು ಉದ್ದ, ೧೫೦ ಮಿಲಿಮೀಟರು ಅಗಲ. ನೂಲು, ನೇಯ್ಗೆ, ಬಣ್ಣ, ಹೊಲಿಗೆ, ಚಕ್ರದ ಇಪ್ಪತ್ತುನಾಲ್ಕು ಅರೆಗಳು, ಇವೆಲ್ಲವನ್ನೂ ಪರೀಕ್ಷಿಸಿದ ಮೇಲೆಯೇ ಅದು ಬೆಂಗೇರಿಯನ್ನು ಬಿಡುತ್ತದೆ.

ಈಚೆಗೆ ಬೆಂಗೇರಿಯಿಂದ ಪರದೇಶಕ್ಕೆ ಹೋಗುವುದು ಧ್ವಜವೊಂದೇ ಅಲ್ಲ. ನಮ್ಮ ಓಣಿಗಳ ತರುಣರೂ ತರುಣಿಯರೂ ಎಂಟು ದಿನದ ರಜೆ ದೊರೆತರೆ ಸಾಕು, ಸಯಾಮ, ಬಾಲಿ, ಸಿಂಹಳ, ವಿಯೆತ್ನಾಮಗಳಿಗೆ ಹೊರಡುತ್ತಾರೆ. ಅಲ್ಲಿಗೆ ಹೋದವರು ಮೊದಲು ವಿಚಾರಿಸುವುದು ಬಾಡಿಗೆಯ ಮೋಟಾರು ಸೈಕಲ್ಲನ್ನು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ತಾಸಿಗೆ ಇಷ್ಟೆಂದು ಹಣ ಕೊಟ್ಟು ಬಾಡಿಗೆಯ ಸೈಕಲ್ಲಿನ ಮೇಲೆ ಬೀಳುತ್ತ ಏಳುತ್ತ ಸವಾರಿ ಕಲಿತ ತಲೆಮಾರಿನವರು ಹುಬ್ಬಳ್ಳಿಯಲ್ಲಿ ಇನ್ನೂ ಎಷ್ಟೋ ಜನರಿದ್ದಾರೆ. ಆ ಅಂಗಡಿಕಾರನಿಗೆ ನಮ್ಮ ತಂದೆಯ ಹೆಸರು ಗೊತ್ತಿದ್ದರೆ ಆಯಿತು. ಕಾಗದಪತ್ರದ ಮಾತೇ ಇರಲಿಲ್ಲ. ಪರನಾಡಿನಲ್ಲಿ ತಂದೆಯ ಹೆಸರು ನಡೆಯುವದಿಲ್ಲ, ಕಾಗದವೇ ನಡೆಯುತ್ತದೆ. ಈ ವ್ಯತ್ಯಾಸವನ್ನು ಮನೆಯ ಹಿರಿಯರೂ ತಿಳಿದಿರುವುದು ಒಳ್ಳೆಯದೆಂದು ೨೦೨೪ರ ಡಿಸೆಂಬರಿನಲ್ಲಿ ನಾವು ಮಾಡಿದ ಒಂದು ಪ್ರವಾಸದ ನಿಮಿತ್ತದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾವು ಎಂದರೆ ನಾನು ಮತ್ತು ನನ್ನ ಅಕ್ಕನ ಮಗ. ಹೋಗಬೇಕಾದ ಊರು ಉತ್ತರ ಸಯಾಮದ ಚಿಯಾಂಗ್ ಮಾಯ್. ಸಯಾಮವು ೧೯೩೯ರಲ್ಲಿ ತನ್ನ ಹೆಸರನ್ನು ಥಾಯ್ಲೆಂಡ್ ಎಂದು ಬದಲಿಸಿಕೊಂಡಿತು; ಆದರೂ ಹಳೆಯ ಹೆಸರು ನನ್ನ ನಾಲಗೆಯನ್ನು ಬಿಟ್ಟಿಲ್ಲ. ಹೊರಡುವ ಮುಂಚೆ ಅಕ್ಕನು ನನ್ನನ್ನು ಕರೆದು, "ನೋಡಪಾ, ಅಂವ ಅಲ್ಲಿ ಗಾಡಿ ಹೊಡೀತೀನಿ ಅಂತಾನ. ನೀ ಬ್ಯಾಡ ಅಂದ್ರ ಕೇಳೂದಿಲ್ಲ. ಹೊಡದ್ರ ನೆಟ್ಟಗ ಹೊಡಿಯೂಹಂಗ ನೋಡ್ಕೊ" ಎಂದಳು. ಬೇಡವೆನ್ನುವದಕ್ಕಿಂತ ಈ ಮಾತು ಹೆಚ್ಚು ಭಾರದ್ದು. ಅಂದಿನಿಂದ ಆ ಹುಡುಗನ ಕೈಕಾಲುಗಳಿಗೆ ನಾನು ಜಾಮೀನಾದಂತಾಯಿತು.

ಮೊದಲನೆಯ ಕೆಲಸವು ಹುಬ್ಬಳ್ಳಿಯಲ್ಲಿಯೇ ಆಗತಕ್ಕದ್ದು. ನಮ್ಮ ದೇಶದ ವಾಹನ ಪರವಾನಿಗೆಯು ಪರದೇಶದಲ್ಲಿ ತಾನಾಗಿಯೇ ಸಲ್ಲುವದಿಲ್ಲ. ೧೯೪೯ರ ಸೆಪ್ಟೆಂಬರದಲ್ಲಿ ಜಿನೀವಾ ನಗರದಲ್ಲಿ ಹಲವು ರಾಷ್ಟ್ರಗಳು ಕೂಡಿ ರಸ್ತೆಯ ಸಂಚಾರದ ವಿಷಯವಾಗಿ ಒಂದು ಒಪ್ಪಂದ ಮಾಡಿಕೊಂಡವು. ಅದರ ಮೇರೆಗೆ ಒಂದು ದೇಶವು ತನ್ನ ಸವಾರನಿಗೆ 'ಅಂತರರಾಷ್ಟ್ರೀಯ ಚಾಲನಾ ಪರವಾನಿಗೆ' ಎಂಬ ಚಿಕ್ಕ ಪುಸ್ತಿಕೆಯನ್ನು ಕೊಟ್ಟರೆ ಒಪ್ಪಂದಕ್ಕೆ ಸೇರಿದ ಬೇರೆ ದೇಶವು ಅದನ್ನು ಮನ್ನಿಸುತ್ತದೆ. ಭಾರತವೂ ಥಾಯ್ಲೆಂಡೂ ಇದಕ್ಕೆ ಒಳಪಟ್ಟಿವೆ. ಊರಿನ ಸಾರಿಗೆ ಕಚೇರಿಗೆ ನಮೂನೆ ೪ಎ ಎಂಬ ಅರ್ಜಿಯನ್ನು ಪಾಸ್‌ಪೋರ್ಟು ಮತ್ತು ಮೂಲ ಪರವಾನಿಗೆಯ ನಕಲುಗಳೊಂದಿಗೆ ಸಲ್ಲಿಸಿ ಶುಲ್ಕ ಕಟ್ಟಿದರೆ ಈ ಪುಸ್ತಿಕೆ ದೊರೆಯುತ್ತದೆ. ಅದರ ಅವಧಿಯು ಒಂದು ವರ್ಷ. ೨೦೨೨ರಿಂದ ದೇಶದಾದ್ಯಂತ ಅದಕ್ಕೆ ಒಂದೇ ರೂಪವನ್ನು ಗೊತ್ತುಮಾಡಿದ್ದಾರೆ.

ಇಲ್ಲಿ ಬಹು ಜನರು ಗಮನಿಸದ ಒಂದು ಸಂಗತಿಯಿದೆ. ಈ ಪುಸ್ತಿಕೆಯು ಹೊಸ ಅಧಿಕಾರವನ್ನು ಕೊಡುವಂಥದಲ್ಲ. ಮೂಲ ಪರವಾನಿಗೆಯಲ್ಲಿದ್ದುದನ್ನು ಪರರಿಗೆ ತಿಳಿಯುವಂತೆ ಹೇಳುವುದಷ್ಟೇ ಅದರ ಕೆಲಸ. ಮೋಟಾರು ಸೈಕಲ್ಲಿಗೆ ಅದರಲ್ಲಿ 'ಎ' ಎಂಬ ವರ್ಗ, ಕಾರಿಗೆ 'ಬಿ' ಎಂಬ ವರ್ಗ. ಕಾರಿನ ಪರವಾನಿಗೆಯೊಂದೇ ಉಳ್ಳವನಿಗೆ 'ಎ' ವರ್ಗದ ಮುದ್ರೆ ಬೀಳುವದಿಲ್ಲ; ಮುದ್ರೆಯಿಲ್ಲದವನು ಚಿಕ್ಕ ಸ್ಕೂಟರನ್ನು ಹತ್ತಿದರೂ ಆ ದೇಶದ ದೃಷ್ಟಿಯಲ್ಲಿ ಪರವಾನಿಗೆಯಿಲ್ಲದವನೇ. ನನ್ನ ಪರವಾನಿಗೆಯು ಕಾರಿನದಷ್ಟೇ. ಅಳಿಯನದರಲ್ಲಿ ಮಾತ್ರ ಗೇರಿನ ಮೋಟಾರು ಸೈಕಲ್ಲಿನ ನಮೂದೂ ಇದ್ದಿತು. ಆದುದರಿಂದ ಅವನು ಸವಾರ, ನಾನು ಹಿಂದೆ ಕೂಡ್ರುವವ, ಎಂದು ಊರಲ್ಲಿಯೇ ನಿಶ್ಚಯವಾಯಿತು.

ಎರಡನೆಯ ಕೆಲಸವು ವಿಮೆ. ಪ್ರವಾಸದ ವಿಮೆಯನ್ನು ಕೊಳ್ಳುವವರು ಕಂತಿನ ಮೊತ್ತವನ್ನು ನೋಡುತ್ತಾರೆ, ಷರತ್ತುಗಳನ್ನು ಓದುವದಿಲ್ಲ. ನಾವಿಬ್ಬರೂ ಒಂದು ರಾತ್ರಿ ಕುಳಿತು ಆ ಸಣ್ಣಕ್ಷರದ ಪುಟಗಳನ್ನು ಓದಿದೆವು. ಬಾಡಿಗೆಯ ದ್ವಿಚಕ್ರ ವಾಹನದ ಅಪಘಾತಕ್ಕೆ ಚಿಕಿತ್ಸೆಯ ವೆಚ್ಚ ದೊರೆಯಬೇಕಾದರೆ ಸವಾರನಿಗೆ ಆ ದೇಶದಲ್ಲಿ ಸಲ್ಲುವ ಪರವಾನಿಗೆ ಇರಬೇಕು, ತಲೆಗೆ ಹೆಲ್ಮೆಟ್ಟು ಇರಬೇಕು, ಮದ್ಯ ಸೇವಿಸಿರಬಾರದು, ಇಂಜಿನ್ನಿನ ಗಾತ್ರವು ಗೊತ್ತಾದ ಮಿತಿಯನ್ನು ಮೀರಿರಬಾರದು. ಇಂಥ ಷರತ್ತುಗಳು ಬಹಳಷ್ಟು ವಿಮಾಪತ್ರಗಳಲ್ಲಿರುತ್ತವೆ. ಕೆಲವು ವಿಮಾಪತ್ರಗಳಂತೂ ಮೋಟಾರು ಸೈಕಲ್ಲನ್ನು ಪೂರ್ತಿಯಾಗಿಯೇ ಹೊರಗಿಡುತ್ತವೆ. ಕಾಗದದ ಒಂದು ಮುದ್ರೆಗೂ ಆಸ್ಪತ್ರೆಯ ಲಕ್ಷಾಂತರ ರೂಪಾಯಿಗಳ ವೆಚ್ಚಕ್ಕೂ ಇರುವ ಸಂಬಂಧವು ಅಂದು ನಮಗೆ ಸ್ಪಷ್ಟವಾಯಿತು.

ಚಿಯಾಂಗ್ ಮಾಯ್ ನಗರವನ್ನು ೧೨೯೬ರಲ್ಲಿ ಮಂಗ್ರಾಯಿ ಎಂಬ ಅರಸನು ಕಟ್ಟಿಸಿದನು. ಹಳೆಯ ಊರು ಚೌಕಾಕಾರ. ನಾಲ್ಕೂ ಕಡೆಗೆ ನೀರು ತುಂಬಿದ ಕಂದಕ, ಅಲ್ಲಲ್ಲಿ ಇಟ್ಟಂಗಿಯ ಕೋಟೆಯ ಅವಶೇಷ, ಒಳಗೆ ಹೆಜ್ಜೆಗೊಂದು ಬೌದ್ಧ ವಿಹಾರ. ಡಿಸೆಂಬರದ ಮುಂಜಾನೆಯಲ್ಲಿ ನಮ್ಮ ಧಾರವಾಡದ ಹಿತವಾದ ಚಳಿಯೇ ಅಲ್ಲಿಯೂ ಇರುತ್ತದೆ. ಪಶ್ಚಿಮಕ್ಕೆ ದೊಯಿ ಸುತೆಪ್ ಎಂಬ ಬೆಟ್ಟವು ಊರಿನ ಮೇಲೆ ಬಾಗಿ ನೋಡುವಂತೆ ನಿಂತಿದೆ. ಅದರ ಹೆಗಲಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು ಒಂದು ಸಾವಿರ ಮೀಟರು ಎತ್ತರದಲ್ಲಿ, ಹೊಂಬಣ್ಣದ ಸ್ತೂಪವುಳ್ಳ ದೇವಾಲಯ. ಅಲ್ಲಿಗೆ ಹೋಗಲು ಕೆಂಪು ಬಣ್ಣದ ಬಾಡಿಗೆಯ ಗಾಡಿಗಳುಂಟು. ಎದುರುಬದುರಾಗಿ ಕುಳಿತು ನಮ್ಮ ಟಂಟಂನಂತೆ ಅದರಲ್ಲಿ ಹೋಗಬಹುದು. ಅಳಿಯನ ಮನಸ್ಸು ಮಾತ್ರ ಮೋಟಾರು ಸೈಕಲ್ಲಿನ ಮೇಲೆಯೇ.

ನಾವು ಹೊಕ್ಕ ಮೊದಲನೆಯ ಅಂಗಡಿಯವನು ನಗುನಗುತ್ತ ಕೈನೀಡಿ, "ಪಾಸ್‌ಪೋರ್ಟು ಇಲ್ಲಿಡಿ, ಗಾಡಿ ತೆಗೆದುಕೊಂಡು ಹೋಗಿ" ಎಂದನು. ಪರವಾನಿಗೆಯನ್ನು ಅವನು ಕೇಳಲೇ ಇಲ್ಲ. ಅಳಿಯನು ನನ್ನ ಮುಖ ನೋಡಿದನು. ಪಾಸ್‌ಪೋರ್ಟು ನಮ್ಮ ಸರಕಾರದ ಸ್ವತ್ತು. ಪರನಾಡಿನಲ್ಲಿ ನಾವು ಇಂಥವರೆಂದು ಹೇಳುವ ಸಾಕ್ಷಿ ಅದೊಂದೇ. ಅದನ್ನು ಒತ್ತೆಯಿಟ್ಟ ಮೇಲೆ ಗಾಡಿ ಮರಳಿಸುವಾಗ ಅಂಗಡಿಯವನು ಹೇಳಿದ್ದೇ ಲೆಕ್ಕ. ನಾವು ವಿನಯದಿಂದ ಕೈಮುಗಿದು ಹೊರಬಿದ್ದೆವು.

ಎರಡನೆಯ ಅಂಗಡಿಯು ಒಬ್ಬ ನಡುವಯಸ್ಸಿನ ಹೆಣ್ಣುಮಗಳದು. ಆಕೆ ಪಾಸ್‌ಪೋರ್ಟಿನ ನಕಲನ್ನೂ ಮೂರು ಸಾವಿರ ಬಾತ್ ಅನಾಮತ್ತನ್ನೂ ತೆಗೆದುಕೊಳ್ಳಲು ಒಪ್ಪಿದಳು. ದಿನದ ಬಾಡಿಗೆ ೨೫೦ ಬಾತ್. ಆಕೆ ಮೊದಲು ತೋರಿಸಿದ ಗಾಡಿಯ ಮೇಲಿನ ತೆರಿಗೆಯ ಚೀಟಿಯಲ್ಲಿ ೨೫೬೬ ಎಂದಿತ್ತು. ಅಲ್ಲಿಯವರು ಬುದ್ಧನ ಶಕದಿಂದ ವರ್ಷಗಳನ್ನು ಎಣಿಸುತ್ತಾರೆ; ಅದರಲ್ಲಿ ೫೪೩ ಕಳೆದರೆ ನಮ್ಮ ರೂಢಿಯ ಇಸವಿ ಬರುತ್ತದೆ. ಲೆಕ್ಕ ಮಾಡಿದರೆ ೨೦೨೩. ಅಂದರೆ ಆ ಗಾಡಿಯ ತೆರಿಗೆಯ ಅವಧಿಯು ಹಿಂದಿನ ವರ್ಷವೇ ಮುಗಿದಿತ್ತು.

"ಮಾಮಾ, ಇದ್ರಾಗ ಏನೈತ್ರಿ? ಒಂದು ದಿನದ ಮಾತು" ಎಂದನು ಅಳಿಯ.

"ಬಿದ್ದರ ಒಂದು ದಿನದ ಮಾತಲ್ಲಪಾ. ಇನ್ನೊಂದು ತೋರ್ಸು ಅನ್ನು" ಎಂದೆ.

ಆಕೆ ಬೇಸರಿಸದೆ ಇನ್ನೊಂದನ್ನು ಹೊರತಂದಳು. ಅದರ ಚೀಟಿಯಲ್ಲಿ ೨೫೬೮ ಎಂದಿತ್ತು. ಅಲ್ಲಿಯ ೧೯೯೨ರ ಕಾಯದೆಯ ಪ್ರಕಾರ ಪ್ರತಿಯೊಂದು ವಾಹನಕ್ಕೂ ಕಡ್ಡಾಯದ ವಿಮೆ ಇರಲೇಬೇಕು. ಆದರೆ ಆ ವಿಮೆಯು ಮನುಷ್ಯರ ದೇಹಕ್ಕಾದ ಪೆಟ್ಟಿಗೆ ಮಾತ್ರ, ಅದೂ ಒಂದು ಮಿತಿಯವರೆಗೆ. ಗಾಡಿಗಾದ ಹಾನಿಯನ್ನಾಗಲಿ ಪರರ ಸ್ವತ್ತಿಗಾದ ಹಾನಿಯನ್ನಾಗಲಿ ಅದು ತುಂಬಿಕೊಡುವದಿಲ್ಲ. ಗಾಡಿಯು ಕಳವಾದರೆ ಇಷ್ಟು, ಕನ್ನಡಿ ಒಡೆದರೆ ಇಷ್ಟು, ಎಂದು ಬಾಡಿಗೆಯ ಕರಾರುಪತ್ರದಲ್ಲಿ ಬರೆದಿತ್ತು. ಅದನ್ನು ಓದಿಯೇ ಅಳಿಯನು ಸಹಿ ಹಾಕಿದನು. ಬಳಿಕ ಎರಡೂ ಬ್ರೇಕು, ದೀಪ, ಕಹಳೆ, ಟಾಯರುಗಳನ್ನು ನೋಡಿ, ಆಕೆಯ ಎದುರಿಗೇ ಗಾಡಿಯ ನಾಲ್ಕೂ ಮಗ್ಗಲುಗಳ ಛಾಯಾಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡನು. ಎಡಗಡೆಯ ಕೆಳಭಾಗದಲ್ಲಿ ಬೆರಳುದ್ದದ ಒಂದು ಹಳೆಯ ಗೀರು ಇದ್ದಿತು. ಅದನ್ನು ಹತ್ತಿರದಿಂದ ಬೇರೆಯಾಗಿ ತೆಗೆದನು. ಹೆಲ್ಮೆಟ್ಟುಗಳು ಎರಡು. ನನ್ನದರ ಪಟ್ಟಿಯ ಗುಂಡಿ ಸಡಿಲವಾಗಿದ್ದುದರಿಂದ ಅದನ್ನು ಬದಲಾಯಿಸಿಕೊಂಡೆವು.

ಥಾಯ್ಲೆಂಡಿನಲ್ಲಿ ನಮ್ಮಂತೆಯೇ ರಸ್ತೆಯ ಎಡಗಡೆಗೆ ಗಾಡಿ ಹೊಡೆಯುತ್ತಾರಾದ ಕಾರಣ ಕೈಗೆ ಹೊಸ ಅಭ್ಯಾಸ ಬೇಕಾಗಲಿಲ್ಲ. ಕಹಳೆಯ ಸದ್ದು ಮಾತ್ರ ಕೇಳಿಸುವುದು ಅಪರೂಪ. ಹುಬ್ಬಳ್ಳಿಯ ಚೆನ್ನಮ್ಮನ ವೃತ್ತದಲ್ಲಿ ಪಳಗಿದ ಅಳಿಯನ ಹೆಬ್ಬೆರಳು ಎರಡು ಮೂರು ಸಲ ತಾನಾಗಿಯೇ ಕಹಳೆಯ ಗುಂಡಿಗೆ ಹೋಯಿತು. ಜನರು ತಿರುಗಿ ನೋಡಿದ ಮೇಲೆ ಅದು ಸುಮ್ಮನಾಯಿತು. ರಸ್ತೆಗಳು ನುಣುಪಾಗಿವೆ. ಆ ನುಣುಪೇ ಅಲ್ಲಿಯ ಅಪಾಯವೆನ್ನಬೇಕು. ವಿಶ್ವ ಆರೋಗ್ಯ ಸಂಸ್ಥೆಯ ೨೦೧೮ರ ವರದಿಯ ಪ್ರಕಾರ ೨೦೧೬ರಲ್ಲಿ ಆ ದೇಶದಲ್ಲಿ ಲಕ್ಷ ಜನರಿಗೆ ೩೨.೭ರಷ್ಟು ಜನರು ರಸ್ತೆಯ ಅಪಘಾತಗಳಲ್ಲಿ ಸತ್ತರೆಂದು ಅಂದಾಜು. ನಮ್ಮ ದೇಶದ ಅಂದಾಜು ೨೨.೬. ಅಲ್ಲಿ ಸತ್ತವರಲ್ಲಿ ನೂರಕ್ಕೆ ಎಪ್ಪತ್ತುನಾಲ್ಕು ಮಂದಿ ಎರಡು ಮೂರು ಗಾಲಿಗಳ ವಾಹನದವರು.

ಬೆಟ್ಟದ ಬುಡದಲ್ಲಿ ಒಬ್ಬ ಭಿಕ್ಷುವಿನ ಮೂರ್ತಿಯಿದೆ. ಮೇಲೆ ಹೋಗುವವರು ಅಲ್ಲಿ ಗಾಡಿ ನಿಲ್ಲಿಸಿ, ಹೂವು, ಊದುಬತ್ತಿ, ಮೇಣಬತ್ತಿಗಳನ್ನು ಅರ್ಪಿಸಿ ಮುಂದೆ ಸಾಗುತ್ತಾರೆ. ನಮ್ಮ ಘಟ್ಟದ ದಾರಿಗಳಲ್ಲಿ ಲಾರಿಯವರು ಹನುಮಪ್ಪನಿಗೆ ಕಾಯಿ ಒಡೆಯುವಂತೆಯೇ ಇದು. ಈ ಭಿಕ್ಷುವಿನ ಹೆಸರು ಕ್ರೂಬಾ ಸಿವಿಚೈ. ಜನ್ಮ ೧೮೭೮ರಲ್ಲಿ, ಪಕ್ಕದ ಲಂಫೂನ್ ಪ್ರಾಂತದ ಒಂದು ಹಳ್ಳಿಯಲ್ಲಿ. ಬೆಟ್ಟವನ್ನು ಹತ್ತಲು ಆ ಮುಂಚೆ ಕಾಲುದಾರಿಯೊಂದೇ ಇದ್ದಿತು. ಮುದುಕರೂ ರೋಗಿಗಳೂ ದರ್ಶನದ ಆಸೆಯನ್ನು ಬಿಡಬೇಕಾಗಿತ್ತು. ೧೯೩೪ರ ನವೆಂಬರದಲ್ಲಿ ಸಿವಿಚೈಯವರು ರಸ್ತೆಯ ಕೆಲಸಕ್ಕೆ ಕೈಹಾಕಿದರು. ಚಿಯಾಂಗ್ ಮಾಯ್‌ನ ಕೊನೆಯ ಸಂಸ್ಥಾನಿಕರಾದ ಚಾವ್ ಕೆವ್ ನವರತ್ ಅವರು ಮೊದಲನೆಯ ಗುದ್ದಲಿ ಹಾಕಿದರು. ಕೂಲಿಯಿಲ್ಲ, ಕರೆಯೋಲೆಯಿಲ್ಲ, ಸುದ್ದಿ ಕೇಳಿದ ಹಳ್ಳಿಗರು ತಮ್ಮ ತಮ್ಮ ಗುದ್ದಲಿಗಳನ್ನು ಹೊತ್ತು, ಬುತ್ತಿ ಕಟ್ಟಿಕೊಂಡು, ತಂಡತಂಡವಾಗಿ ಬಂದರು. ಒಂದೊಂದು ಊರಿನವರು ಒಂದೊಂದು ತುಂಡನ್ನು ಕಡಿದರು. ಸುಮಾರು ೧೧ ಕಿಲೋಮೀಟರಿನ ಆ ಘಟ್ಟದ ರಸ್ತೆಯು ಆರು ತಿಂಗಳೊಳಗೇ ಮುಗಿದು, ೧೯೩೫ರ ಏಪ್ರಿಲ ೩೦ರಂದು ಮೊದಲನೆಯ ಮೋಟಾರು ಮೇಲಕ್ಕೆ ಹೋಯಿತು.

ಈ ಮಹಾನುಭಾವರಿಗೂ ಪರವಾನಿಗೆಯ ಕಾಟವು ತಪ್ಪಿರಲಿಲ್ಲ. ೧೯೦೨ರ ಸಂಘ ಕಾಯದೆಯ ಪ್ರಕಾರ ಬ್ಯಾಂಕಾಕಿನ ಧರ್ಮಾಧಿಕಾರಿಗಳ ಅಪ್ಪಣೆಯಿಲ್ಲದೆ ಯಾರಿಗೂ ಭಿಕ್ಷುದೀಕ್ಷೆ ಕೊಡಕೂಡದು. ಸಿವಿಚೈಯವರು ಹಳೆಯ ಸಂಪ್ರದಾಯದಂತೆ ಕೇಳಿದವರಿಗೆಲ್ಲ ದೀಕ್ಷೆ ಕೊಟ್ಟರೆಂದು ಅವರ ಮೇಲೆ ಹಲವು ಸಲ ವಿಚಾರಣೆಗಳು ನಡೆದವು. ಅಳಿಯನು ಇದನ್ನು ಹಿಡಿದು, "ನೋಡ್ರಿ ಮಾಮಾ, ದೊಡ್ಡವರೂ ಪರವಾನಿಗಿ ಕೇಳಿಲ್ಲ" ಎಂದು ನಕ್ಕನು. "ಅವರು ಅಪ್ಪಣಿ ಇಲ್ಲದ ಕೊಟ್ಟಿದ್ದು ದೀಕ್ಷಾ, ಅದರಿಂದ ಯಾರ ಕಾಲೂ ಮುರಿಯೂದಿಲ್ಲ" ಎಂದೆ. ಮೂರ್ತಿಗೆ ನಮಸ್ಕರಿಸಿ ಮುಂದೆ ಹೊರಟೆವು.

ಸ್ವಲ್ಪ ದೂರದಲ್ಲಿ ಪೋಲೀಸರ ತಪಾಸಣೆ. ಅವರ ಕೆಲಸವು ಮರ್ಯಾದೆಯಿಂದ ನಡೆದಿತ್ತು. ಅಳಿಯನ ಪುಸ್ತಿಕೆಯಲ್ಲಿ 'ಎ' ವರ್ಗದ ಮುದ್ರೆಯನ್ನು ಬೆರಳಿಟ್ಟು ನೋಡಿ, ಮೂಲ ಪರವಾನಿಗೆಯನ್ನೂ ತಾಳೆಮಾಡಿ, ತಲೆಬಾಗಿಸಿ ಬಿಟ್ಟರು. ನಮ್ಮ ಮಗ್ಗುಲಲ್ಲಿ ನಾಲ್ಕು ಜನ ಪರದೇಶೀಯರು ದಂಡ ಕಟ್ಟುತ್ತ ನಿಂತಿದ್ದರು. ದಂಡದ ರಶೀದಿಯನ್ನು ಪರವಾನಿಗೆಯೆಂದೇ ಭಾವಿಸಿದಂತೆ ಅವರು ನಗುತ್ತ ಮತ್ತೆ ಗಾಡಿ ಹತ್ತಿದರು.

ಘಟ್ಟದ ದಾರಿಯು ದಟ್ಟವಾದ ಕಾಡಿನೊಳಗಿಂದ ಸುತ್ತಿ ಸುತ್ತಿ ಏರುತ್ತದೆ. ಅರ್ಧ ದಾರಿಯಲ್ಲಿ ಒಂದು ತಿರುವಿನಲ್ಲಿ ಜನ ಗುಂಪುಗೂಡಿದ್ದರು. ಇಳಿಯುತ್ತ ಬಂದ ಒಬ್ಬ ಪರದೇಶದ ತರುಣನು ಉದುರಿದ ಎಲೆ ಮಣ್ಣುಗಳ ಮೇಲೆ ಗಾಲಿ ಜಾರಿ ಬಿದ್ದಿದ್ದನು. ವಯಸ್ಸು ಅಳಿಯನಷ್ಟೇ ಇದ್ದೀತು. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಕಾಲನ್ನು ನೆಲಕ್ಕೆ ಊರಲಾರದೆ ಅವನು ಕಟ್ಟೆಗೆ ಒರಗಿದ್ದನು. ಒಬ್ಬ ಹಣ್ಣಿನಂಗಡಿಯ ಮುದುಕಿಯು ಅವನಿಗೆ ನೀರು ಕುಡಿಸುತ್ತಿದ್ದಳು. ಹೆಲ್ಮೆಟ್ಟು ಇದ್ದಿತು, ತಲೆ ಉಳಿದಿತ್ತು. ಆಸ್ಪತ್ರೆಯ ಗಾಡಿಗೆ ಹೇಳಿಕಳಿಸಿದ್ದರು. ಅಳಿಯನು ಅವನ ಪಕ್ಕಕ್ಕೆ ಕುಳಿತು, "ವಿಮೆಯುಂಟೆ?" ಎಂದು ಇಂಗ್ಲಿಷಿನಲ್ಲಿ ಕೇಳಿದನು. "ಉಂಟು, ಆದರೆ ನನಗೆ ಮೋಟಾರು ಸೈಕಲ್ಲಿನ ಪರವಾನಿಗೆಯಿಲ್ಲ; ಅವರು ಕೊಡುತ್ತಾರೋ ಇಲ್ಲವೋ" ಎಂದು ಅವನು ಹೇಳಿದನು. ಕೂಡಲೆ, "ಮನೆಯವರಿಗೆ ಏನೆಂದು ತಿಳಿಸಲಿ?" ಎಂದು ಮುಖ ಮುಚ್ಚಿಕೊಂಡನು. ಕಾಲಿನ ನೋವಿಗಿಂತ ಈ ಮಾತಿನ ನೋವು ಹೆಚ್ಚಾಗಿತ್ತು. ಆಸ್ಪತ್ರೆಯ ಗಾಡಿ ಬರುವವರೆಗೆ ನಾವು ಅಲ್ಲಿಯೇ ಇದ್ದೆವು. ಅಲ್ಲಿಂದ ಮುಂದಕ್ಕೆ ಅಳಿಯನು ಪ್ರತಿಯೊಂದು ತಿರುವಿನಲ್ಲಿಯೂ ನಾನು ಹೇಳದೆಯೇ ವೇಗವನ್ನು ಇಳಿಸಿದನು.

ದೇವಾಲಯಕ್ಕೆ ಮುನ್ನೂರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳು. ಎರಡೂ ಮಗ್ಗುಲಿಗೆ ಹೆಡೆಯೆತ್ತಿದ ನಾಗರಗಳ ಉದ್ದವಾದ ಮೈಯೇ ಕೈಪಿಡಿಯ ಗೋಡೆ. ಹದಿನಾಲ್ಕನೆಯ ಶತಮಾನದಲ್ಲಿ ಬುದ್ಧನ ಧಾತುವನ್ನು ಬಿಳಿಯ ಆನೆಯ ಬೆನ್ನ ಮೇಲಿರಿಸಿ ಬಿಟ್ಟರೆಂದೂ, ಅದು ಈ ಬೆಟ್ಟವನ್ನು ಹತ್ತಿ ಇಲ್ಲಿ ಮೂರು ಸಲ ಘೀಳಿಟ್ಟು ಪ್ರಾಣ ಬಿಟ್ಟಿತೆಂದೂ, ಅರಸನು ಅಲ್ಲಿಯೇ ಸ್ತೂಪ ಕಟ್ಟಿಸಿದನೆಂದೂ ಐತಿಹ್ಯ. ಸ್ತೂಪದ ಸುತ್ತ ಜನರು ಕಮಲದ ಮೊಗ್ಗು ಹಿಡಿದು ಪ್ರದಕ್ಷಿಣೆ ಹಾಕುತ್ತಿದ್ದರು. ಕಟ್ಟೆಯ ಮೇಲಿನಿಂದ ನೋಡಿದರೆ ಇಡೀ ನಗರವೂ ಅದರ ಚೌಕದ ಕಂದಕವೂ ಅಂಗೈಯಷ್ಟಾಗಿ ತೋರುತ್ತವೆ. ಅಳಿಯನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು.

ಸಾಯಂಕಾಲ ಗಾಡಿ ಮರಳಿಸಲು ಹೋದಾಗ ಅಂಗಡಿಯಲ್ಲಿ ಆ ಹೆಣ್ಣುಮಗಳಿರಲಿಲ್ಲ, ಒಬ್ಬ ಹುಡುಗನಿದ್ದನು. ಅವನು ಎಡಗಡೆಯ ಗೀರನ್ನು ತೋರಿಸಿ ಎರಡು ಸಾವಿರ ಬಾತ್ ಮುರಿದುಕೊಳ್ಳುವೆನೆಂದನು. ಅಳಿಯನು ಮುಂಜಾನೆಯ ಛಾಯಾಚಿತ್ರವನ್ನು ತೆಗೆದು ಮುಂದಿಟ್ಟನು. ಹುಡುಗನು ಅದನ್ನೊಮ್ಮೆ ಗಾಡಿಯನ್ನೊಮ್ಮೆ ನೋಡಿ, ಮಾತಾಡದೆ ಅನಾಮತ್ತನ್ನು ಪೂರ್ತಿ ಎಣಿಸಿ ಕೊಟ್ಟನು. ಜಗಳವಿಲ್ಲ, ಕೂಗಾಟವಿಲ್ಲ. ಪಾಸ್‌ಪೋರ್ಟು ಅವನ ಪೆಟ್ಟಿಗೆಯಲ್ಲಿದ್ದರೆ ಇದು ಇಷ್ಟು ಸುಲಭವಾಗಿ ಮುಗಿಯುತ್ತಿತ್ತೆಂದು ನನಗೆ ಅನಿಸುವದಿಲ್ಲ.

ಒಂದು ದೇಶದ ನಿಯಮವು ಇನ್ನೊಂದಕ್ಕೆ ಹೊಂದುವದಿಲ್ಲವೆಂಬುದನ್ನೂ ಹೇಳಬೇಕು. ವಿಯೆತ್ನಾಮವು ೧೯೬೮ರ ಒಪ್ಪಂದಕ್ಕೆ ಸೇರಿದ್ದು, ೧೯೪೯ರದಕ್ಕಲ್ಲ. ಆದುದರಿಂದ ನಮ್ಮ ಪುಸ್ತಿಕೆಯು ಅಲ್ಲಿ ಸಲ್ಲುವದಿಲ್ಲ. ಅಲ್ಲಿ ಬಾಡಿಗೆಗೆ ಗಾಡಿ ಕೊಡುವವರು ಬೀದಿಬೀದಿಗೆ ಸಿಕ್ಕರೂ ಹಿಂದಿನ ಸೀಟಿನಲ್ಲಿ ಕುಳಿತು ಹೋಗುವುದೇ ಲೇಸು. ಅಲ್ಲಿ ಗಾಡಿಗಳು ರಸ್ತೆಯ ಬಲಗಡೆಗೆ ಓಡುತ್ತವೆ, ಇದು ಬೇರೆ. ಸಿಂಹಳದಲ್ಲಿ ನಮ್ಮ ಪುಸ್ತಿಕೆಯ ಜೊತೆಗೆ ಅಲ್ಲಿಯವರ ಮಾನ್ಯತೆಯ ಪತ್ರವನ್ನೂ ಪಡೆಯಬೇಕಾಗುತ್ತದೆ. ಹೋಗುವ ಮುಂಚೆ ಆಯಾ ದೇಶದ ಅಂದಿನ ನಿಯಮವನ್ನು ವಿಚಾರಿಸಿಕೊಳ್ಳತಕ್ಕದ್ದು.

ನಮ್ಮ ಹಿರಿಯರ ಕಾಲಕ್ಕೆ ಹುಬ್ಬಳ್ಳಿಯವರಿಗೆ ಎಲ್ಲಕ್ಕಿಂತ ಹತ್ತಿರದ ಪರದೇಶವೆಂದರೆ ಗೋವೆ. ೧೯೬೧ರ ಡಿಸೆಂಬರ ೧೯ರಂದು ಮುಗಿದ ಪೋರ್ತುಗೀಜರ ಆಳಿಕೆಯ ಕಾಲದಲ್ಲಿ ಲೋಂಡೆಯ ಆಚೆ ಕ್ಯಾಸಲ್‌ರಾಕಿನಲ್ಲಿ ರೈಲು ನಿಂತು, ಸುಂಕದವರು ಗಂಟುಮೂಟೆಗಳನ್ನು ಬಿಚ್ಚಿ ನೋಡುತ್ತಿದ್ದರು. ಈಗ ಅದೇ ಗೋವೆಗೆ ನಮ್ಮ ಮಕ್ಕಳು ಮುಂಜಾನೆ ಹೊರಟು ಮಧ್ಯಾಹ್ನಕ್ಕೆ ತಲುಪುತ್ತಾರೆ. ಅಲ್ಲಿಯೂ ಬಾಡಿಗೆಯ ಸ್ಕೂಟರೇ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿದ್ದ ಗಾಡಿಯೇ ಅಲ್ಲಿ ಸರಕಾರದ ಒಪ್ಪಿಗೆಯುಳ್ಳ ಬಾಡಿಗೆಯ ಗಾಡಿ. ಬಿಳಿಯ ಫಲಕದ ಖಾಸಗಿ ಗಾಡಿಯನ್ನು ಯಾರಾದರೂ ಅಗ್ಗಕ್ಕೆ ಕೊಡಬಂದರೆ ತೆಗೆದುಕೊಳ್ಳಬಾರದು. ಪರದೇಶದ ಪಾಠವನ್ನು ಇಲ್ಲಿಯೇ ಅಭ್ಯಾಸ ಮಾಡಬಹುದು.

ಮನೆಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಹೊರಟು ನಿಂತ ಮಕ್ಕಳಿಗೆ ಅವಲಕ್ಕಿ, ಚಟ್ನಿಪುಡಿ, ಖಟಕ ರೊಟ್ಟಿ ಕಟ್ಟಿಕೊಡುವ ದಿನವೇ ಅವರ ಪುಸ್ತಿಕೆಯನ್ನು ಕೇಳಿ ನೋಡಿರಿ. 'ಎ' ವರ್ಗದ ಮುದ್ರೆ ಇದೆಯೋ ಇಲ್ಲವೋ ನೋಡಿರಿ. ವಿಮಾಪತ್ರದ ಷರತ್ತನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿರಿ. ಮುದ್ರೆ ಇಲ್ಲದಿದ್ದರೆ ಪ್ರವಾಸ ನಿಲ್ಲಬೇಕಾಗಿಲ್ಲ. ಕೆಂಪು ಗಾಡಿಯಲ್ಲಿ ಕುಳಿತು ಹೋದವರಿಗೂ ದೊಯಿ ಸುತೆಪ್ಪಿನ ದರ್ಶನವು ಅಷ್ಟೇ ಚೆನ್ನಾಗಿ ಆಗುತ್ತದೆ, ಮತ್ತು ಸಿವಿಚೈಯವರು ರಸ್ತೆ ಕಡಿಸಿದ್ದು ಅಂಥವರಿಗಾಗಿಯೇ.